ಜಠರ ತೆಗೆದ ಮೇಲೆ ಊಟ ಹೇಗೆ?

ಕ್ಯಾನ್ಸರ್‌ಗಾಗಿ ಜಠರವನ್ನು ಪೂರ್ತಿ ತೆಗೆದಾಗ ಶಸ್ತ್ರವೈದ್ಯರು ಅನ್ನನಾಳವನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತಾರೆ. ಜಠರ ಇಲ್ಲದೆಯೂ ಬದುಕಬಹುದೆಂದು 1897ರಲ್ಲೇ ಜ್ಯೂರಿಕ್‌ನಲ್ಲಿ ಕಾರ್ಲ್ ಶ್ಲಾಟರ್ ಮಾಡಿದ ಶಸ್ತ್ರಕ್ರಿಯೆ ತೋರಿಸಿತು. ಆದರೆ ಊಟವನ್ನು ಹಿಡಿದಿಟ್ಟುಕೊಳ್ಳುವುದು, ಅರೆಯುವುದು, ಸ್ವಲ್ಪ ಸ್ವಲ್ಪವೇ ಕರುಳಿಗೆ ಬಿಡುವುದು ಜಠರದ ಕೆಲಸವಾಗಿತ್ತು. ಇನ್ನು ಮುಂದೆ ಅದನ್ನು ತಟ್ಟೆ, ಹಲ್ಲು, ಗಡಿಯಾರ ಹಂಚಿಕೊಳ್ಳಬೇಕು. ಗಟ್ಟಿ ಆಹಾರ ಕೊಡಬಹುದೆಂದು ವೈದ್ಯರು ಹೇಳಿದ ಮೇಲಿನ ಕ್ರಮ ಇದು.

ಮೊದಲು ತಟ್ಟೆ ಬದಲಿಸಿ. ಊಟದ ತಟ್ಟೆ ಬೇಡ, ಸಣ್ಣ ಬಟ್ಟಲು ಸಾಕು. ದಿನಕ್ಕೆ ಆರರಿಂದ ಎಂಟು ಸಲ, ಎರಡೆರಡು ಗಂಟೆಗೊಮ್ಮೆ ತಿನ್ನಬೇಕು. ಏಳಕ್ಕೆ ಒಂದು ಇಡ್ಲಿ, ಒಂಬತ್ತಕ್ಕೆ ಬೇಯಿಸಿದ ಮೊಟ್ಟೆ, ಹನ್ನೊಂದಕ್ಕೆ ಅರ್ಧ ಬಟ್ಟಲು ಗಟ್ಟಿ ಮೊಸರು, ಒಂದಕ್ಕೆ ಮೆತ್ತಗೆ ಬೆಂದ ಅನ್ನ, ಗಟ್ಟಿ ತೊವ್ವೆ. ಹಸಿವಾಗಲಿ ಎಂದು ಕಾಯಬೇಡಿ. ಹಸಿವು ಹುಟ್ಟಿಸುವ ಹಾರ್ಮೋನು ಬಹುಪಾಲು ಜಠರದಲ್ಲೇ ತಯಾರಾಗುತ್ತದೆ; ಅದು ಹೋದ ಮೇಲೆ ಹೊಟ್ಟೆ ಕರೆಯುವುದಿಲ್ಲ. ಮೊಬೈಲ್‌ನಲ್ಲಿ ಅಲಾರಂ ಇಡಿ.

ಎರಡನೆಯದು ಅಗಿಯುವುದು. ಒಂದು ತುತ್ತಿಗೆ ಇಪ್ಪತ್ತು, ಮೂವತ್ತು ಸಲ. ಇಲ್ಲಿ ನಮ್ಮ ರಾಗಿ ಮುದ್ದೆಯ ಬಗ್ಗೆ ಎಚ್ಚರ ಬೇಕು. ಮುದ್ದೆಯನ್ನು ಸಾರಿಗೆ ಅದ್ದಿ ನುಂಗುವುದು ನಮ್ಮ ರೂಢಿ. ಅರೆಯಲು ಜಠರವಿಲ್ಲದಾಗ ಆ ಉಂಡೆ ಜೋಡಣೆಯ ಜಾಗದಲ್ಲೇ ಸಿಕ್ಕಿಕೊಳ್ಳಬಹುದು. ಮೊದಲ ತಿಂಗಳುಗಳಲ್ಲಿ ರಾಗಿಯನ್ನು ಗಟ್ಟಿ ಗಂಜಿಯಾಗಿ ಚಮಚದಲ್ಲಿ ತಿನ್ನಿ. ತಿಂದದ್ದು ಪದೇ ಪದೇ ಸಿಕ್ಕಿಕೊಂಡರೆ, ಅಥವಾ ನೀರೂ ಇಳಿಯದಂತಾದರೆ, ತಡಮಾಡದೆ ವೈದ್ಯರಿಗೆ ತೋರಿಸಿ. ಜೋಡಣೆ ಕಿರಿದಾಗಿದ್ದರೆ ಎಂಡೋಸ್ಕೋಪಿಯಲ್ಲೇ (ಬಾಯಿಯಿಂದ ಇಳಿಸುವ ಕ್ಯಾಮೆರಾ ಕೊಳವೆಯಿಂದ) ಹಿಗ್ಗಿಸಬಹುದು.

ಮೂರನೆಯದೇ ಮನೆಯವರಿಗೆ ಕಷ್ಟ: ಊಟದ ಜೊತೆ ನೀರಿಲ್ಲ. ತಿಳಿಸಾರು ಕಲಸಿದ ಅನ್ನ, ಕೊನೆಗೊಂದು ಲೋಟ ಮಜ್ಜಿಗೆ, ಎರಡೂ ಆಹಾರವನ್ನು ಕರುಳಿಗೆ ತಳ್ಳಿಬಿಡುತ್ತವೆ. ಹತ್ತರಿಂದ ಮೂವತ್ತು ನಿಮಿಷದೊಳಗೆ ಹೊಟ್ಟೆನುಲಿತ, ಎದೆಬಡಿತ, ಬೆವರು, ಭೇದಿ. ಇದಕ್ಕೆ ‘ಡಂಪಿಂಗ್’ ಎನ್ನುತ್ತಾರೆ. ಮಜ್ಜಿಗೆಯನ್ನು ಬಿಡಬೇಕಾಗಿಲ್ಲ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿದರಾಯಿತು.

ಪಾಯಸ, ಹಣ್ಣಿನ ರಸದಂಥ ಸಿಹಿಯಿಂದ ಇನ್ನೊಂದು ತೊಂದರೆಯುಂಟು. ಸಕ್ಕರೆ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ, ಇನ್ಸುಲಿನ್ ಹೆಚ್ಚಾಗಿ ಹರಿಯುತ್ತದೆ, ಒಂದರಿಂದ ಮೂರು ಗಂಟೆಯ ನಂತರ ಸಕ್ಕರೆ ಅಂಶ ಕುಸಿದು ಕೈ ನಡುಗಿ ಕಣ್ಣು ಕತ್ತಲಿಡುತ್ತದೆ. ಆಗ ಎರಡು ಮೂರು ಚಮಚ ಸಕ್ಕರೆ ಬಾಯಿಗೆ ಹಾಕಿ, ಸುಧಾರಿಸಿದ ಮೇಲೆ ಮೊಟ್ಟೆಯೋ ಪನೀರೋ ತಿನ್ನಿ.

ತಿಂದ ತಕ್ಷಣ ಮಲಗಬೇಡಿ. ಪಿತ್ತರಸವನ್ನು ತಡೆಯುವ ಬಾಗಿಲು ಈಗಿಲ್ಲ, ಅದು ಗಂಟಲವರೆಗೆ ಏರಿ ಉರಿಯುತ್ತದೆ. ರಾತ್ರಿಯ ತಿನಿಸಿಗೂ ನಿದ್ದೆಗೂ ಎರಡು ಮೂರು ಗಂಟೆ ಅಂತರವಿರಲಿ, ಮಂಚದ ತಲೆಭಾಗ ಎತ್ತರಿಸಿ.

ವಿಟಮಿನ್ ಬಿ12 ಮಾತ್ರ ಯಾವ ಕಾರಣಕ್ಕೂ ಮರೆಯಬಾರದು. ಅದನ್ನು ಕರುಳು ಹೀರಿಕೊಳ್ಳಲು ಬೇಕಾದ ಅಂಶ ಜಠರದಲ್ಲಷ್ಟೇ ಹುಟ್ಟುತ್ತಿತ್ತು. ಯಕೃತ್ತಿನ ದಾಸ್ತಾನು ಒಂದೆರಡು ವರ್ಷ ಸಾಗಿಸುವುದರಿಂದ ‘ಚೆನ್ನಾಗಿದ್ದೇನಲ್ಲ’ ಎಂದು ಹಲವರು ಚುಚ್ಚುಮದ್ದು ನಿಲ್ಲಿಸುತ್ತಾರೆ. ಕಾಲು ಜುಮ್ಮೆನ್ನತೊಡಗಿದಾಗ ನರಗಳಿಗೆ ಪೆಟ್ಟು ಬಿದ್ದಿರುತ್ತದೆ, ಅದು ಪೂರ್ತಿ ಸರಿಹೋಗದಿರಬಹುದು. ವೈದ್ಯರು ಹೇಳಿದ ಅಂತರದಲ್ಲಿ ಈ ಚುಚ್ಚುಮದ್ದು ಜೀವನಪೂರ್ತಿ ಬೇಕು. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬೇಡಿ. ಕ್ಯಾಲ್ಸಿಯಂ ಬೇಕೆಂದರೆ ಸಿಟ್ರೇಟ್ ರೂಪದ್ದನ್ನು ಕೇಳಿ. ಕಾರ್ಬೊನೇಟ್ ಚೆನ್ನಾಗಿ ಕರಗಲು ಜಠರದ ಆಮ್ಲ ಬೇಕು.

ತೂಕ ಮೊದಲ ತಿಂಗಳುಗಳಲ್ಲಿ ಇಳಿಯುತ್ತದೆ, ಎದೆಗುಂದಬೇಡಿ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ನೋಡಿ ಬರೆದಿಡಿ. ಒಮ್ಮೆ ನಿಂತ ತೂಕ ಮತ್ತೆ ಇಳಿಯತೊಡಗಿದರೆ ಆ ಚೀಟಿ ಹಿಡಿದು ಆಸ್ಪತ್ರೆಗೆ ಹೋಗಿ.

ಮನೆಯವರಿಗೊಂದು ಕೋರಿಕೆ: ‘ಇನ್ನೊಂದು ತುತ್ತು’ ಎಂದು ಒತ್ತಾಯಿಸಬೇಡಿ, ಆ ತುತ್ತೇ ವಾಂತಿಯಾಗಬಹುದು. ಮದುವೆಮನೆಯ ಪಂಕ್ತಿ ಹದಿನೈದು ನಿಮಿಷಕ್ಕೆ ಏಳುತ್ತದೆ. ಇವರಿಗೆ ಅರ್ಧ ಗಂಟೆ ಬೇಕು. ಮನೆಯಿಂದಲೇ ಡಬ್ಬಿ ಒಯ್ದು, ಪಂಕ್ತಿಗೆ ಮೊದಲು ಪಕ್ಕದಲ್ಲೊಂದು ಕುರ್ಚಿ ಹಾಕಿಕೊಡಿ.