ರಾತ್ರಿ ನೆನೆಹಾಕಿದ ಕಾಳು, ಬೆಳಿಗ್ಗೆ ಬಸ್ಸಾರು: ಲಾಕ್‌ಡೌನ್‌ನಲ್ಲಿ ನಮ್ಮ ಅಡುಗೆಮನೆ ನಡೆದ ಬಗೆ

2020ರ ಲಾಕ್‌ಡೌನ್ ಶುರುವಾಗಿದ್ದು ಯುಗಾದಿಯ ದಿನವೇ. ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದು, ಇನ್ನು 21 ದಿನ ಯಾರೂ ಹೊರಗೆ ಬರಬೇಡಿ ಎಂದರು. ಅಷ್ಟು ಹೊತ್ತಿಗೆ ನಮ್ಮ ಮನೆಗೆ ಒಬ್ಬಟ್ಟಿನ ಬೇಳೆ, ಬೆಲ್ಲ ಬಂದಾಗಿತ್ತು. ಹಬ್ಬ ನಡೆಯಿತು. ಮಾರನೇ ದಿನ ಹೊಸತೊಡಕಿಗೆ ಮಾಂಸ ತರಲು ಮಾತ್ರ ಯಾರನ್ನೂ ಕಳಿಸಲಿಲ್ಲ. ಒಬ್ಬಟ್ಟಿನ ಸಾರನ್ನೇ ಮತ್ತೆ ಕುದಿಸಿ ಉಂಡೆವು. ಆ ಸಾರು ಕುದಿಸಿದಷ್ಟೂ ರುಚಿ, ಅಲ್ವಾ?

ನಾವಿರುವುದು ಬೆಂಗಳೂರಿನ ವಿಜಯನಗರದಲ್ಲಿ. ಅತ್ತೆ, ನಾವಿಬ್ಬರು, ಇಬ್ಬರು ಮಕ್ಕಳು. ಮೊದಲು ಎಲ್ಲರೂ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೊರಟರೆ ಮಧ್ಯಾಹ್ನದ ಅಡುಗೆ ಅತ್ತೆ ಒಬ್ಬರಿಗೆ. ಲಾಕ್‌ಡೌನ್ ಬಂದ ಮೇಲೆ ಮೂರು ಹೊತ್ತೂ ಐದು ತಟ್ಟೆ. ಜೊತೆಗೆ ನನಗೂ ನಮ್ಮ ಯಜಮಾನರಿಗೂ ಮನೆಯಿಂದಲೇ ಆಫೀಸು. ಬೀದಿಗೆ ಬರುತ್ತಿದ್ದ ತರಕಾರಿ ಗಾಡಿ ನಿಂತುಹೋಯಿತು. ತೋಟಗಾರಿಕೆ ಬೆಳೆಗಾರರ ಸಹಕಾರ ಸಂಘ ಹಾಪ್‌ಕಾಮ್ಸ್‌ನ ಗಾಡಿ ಬಂದ ದಿನ ಒಂದಿಷ್ಟು ಸಿಗುತ್ತಿತ್ತು. ಉಳಿದ ದಿನ ಮನೆಯಲ್ಲಿ ಇದ್ದದ್ದರಲ್ಲೇ ಆಗಬೇಕು.

ಆಗ ನಾನು ಒಂದೇ ಒಂದು ನಿಯಮ ಹಾಕಿಕೊಂಡೆ. ತರಕಾರಿ ಬುಟ್ಟಿ ನೋಡಿ ಏನಡುಗೆ ಎಂದು ಯೋಚಿಸುವುದನ್ನು ಬಿಟ್ಟು, ರಾತ್ರಿ ಮಲಗುವ ಮುಂಚೆ ಯಾವುದಾದರೂ ಒಂದು ಕಾಳು ನೆನೆಹಾಕುವುದು. ಹೆಸರುಕಾಳು, ಅಲಸಂದೆ, ಕಡಲೆಕಾಳು, ಹುರಳಿ, ಒಣ ಅವರೆ, ಹೀಗೆ ಸರದಿ. ಬೆಳಿಗ್ಗೆ ಎದ್ದಾಗ ಅರ್ಧ ಅಡುಗೆ ಗೊತ್ತಾಗಿರುತ್ತದೆ. ನೆನೆದ ಕಾಳು ಬೇಗ ಬೇಯುವುದರಿಂದ ಗ್ಯಾಸೂ ಉಳಿಯುತ್ತದೆ. ತರಕಾರಿ ಸಿಕ್ಕರೆ ಅದು ಕಾಳಿನ ಜೊತೆಗೆ ಸೇರಿಕೊಳ್ಳುತ್ತದೆ, ಸಿಗದಿದ್ದರೆ ಕಾಳೇ ಸಾಕು.

ತರಕಾರಿ ಬಳಸುವುದಕ್ಕೂ ಒಂದು ಕ್ರಮ ಬಂತು. ತಂದ ದಿನವೇ ಸೊಪ್ಪು. ಆಮೇಲೆ ಬೆಂಡೆ, ಬದನೆ, ಹುರುಳಿಕಾಯಿ. ಎಲೆಕೋಸು, ಕ್ಯಾರೆಟ್ ಅದಾದ ಮೇಲೆ. ಬೂದುಗುಂಬಳ, ಸಿಹಿಗುಂಬಳ ಇಡಿಯಾಗಿದ್ದರೆ ವಾರಗಟ್ಟಲೆ ಏನೂ ಆಗುವುದಿಲ್ಲ. ಅವನ್ನು ಮುಟ್ಟುತ್ತಲೇ ಇರಲಿಲ್ಲ, ಎಲ್ಲ ಮುಗಿದಾಗ ಒಡೆಯುವುದು.

ಆ ದಿನಗಳಲ್ಲಿ ನಮ್ಮನ್ನು ಕಾಪಾಡಿದ್ದು ಬಸ್ಸಾರು ಎಂದೇ ಹೇಳಬೇಕು. ಒಂದು ಕಟ್ಟು ಸೊಪ್ಪು, ಒಂದು ಲೋಟ ಕಾಳು, ಅದರಲ್ಲಿ ಸಾರೂ ಆಯಿತು ಪಲ್ಯವೂ ಆಯಿತು. ಅತ್ತೆ ಮಂಡ್ಯದ ಕಡೆಯವರು. "ಸೊಪ್ಪು ಬೆಂದ ನೀರು ಒಂದು ತೊಟ್ಟೂ ಚೆಲ್ಬೇಡ ಕಣಮ್ಮ, ಸಾರು ಇರೋದೇ ಅದ್ರಲ್ಲಿ" ಎನ್ನುತ್ತಿದ್ದರು. ನಾನು ಮಾಡುವುದು ಹೀಗೆ. ಮೊಳಕೆ ಬಂದ ಹೆಸರುಕಾಳನ್ನು ಜಾಸ್ತಿ ನೀರಿನಲ್ಲಿ ಬೇಯಲು ಇಡುತ್ತೇನೆ. ಅರ್ಧ ಬೆಂದಾಗ ಹೆಚ್ಚಿದ ದಂಟಿನ ಸೊಪ್ಪು, ಉಪ್ಪು ಹಾಕುತ್ತೇನೆ. ಪಾತ್ರೆಯ ಬಾಯಿ ಮುಚ್ಚುವುದಿಲ್ಲ, ಮುಚ್ಚಿದರೆ ಸೊಪ್ಪಿನ ಹಸಿರು ಕೆಡುತ್ತದೆ. ಕಾಳು ಬೆರಳಲ್ಲಿ ಒತ್ತಿದರೆ ಹಿಸುಕಬೇಕು, ಆದರೆ ಕರಗಿರಬಾರದು. ಆಗ ಜಾಲರಿ ಪಾತ್ರೆಗೆ ಸುರಿದು ಕಟ್ಟು, ಅಂದರೆ ಬೆಂದ ನೀರು, ಬಸಿದುಕೊಳ್ಳುವುದು.

ಮಸಾಲೆಗೆ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳು ಮೆಣಸು ಹುರಿದು, ಸಾರಿನ ಪುಡಿ, ತೆಂಗಿನ ತುರಿ, ಹುಣಸೆಹಣ್ಣಿನ ಜೊತೆ ರುಬ್ಬಬೇಕು. ರುಬ್ಬುವಾಗ ಬೆಂದ ಸೊಪ್ಪು ಕಾಳನ್ನೇ ಒಂದು ಸೌಟು ಹಾಕಿ. ಸಾರಿಗೆ ಮಂದ ಬರುವುದು ಅದರಿಂದಲೇ, ತೆಂಗಿನಕಾಯಿಯೂ ಕಮ್ಮಿ ಸಾಕು. ಲಾಕ್‌ಡೌನ್‌ನಲ್ಲಿ ತೆಂಗಿನಕಾಯಿ ಎಣಿಸಿಕೊಂಡು ಬಳಸುತ್ತಿದ್ದಾಗ ಇದು ಎಷ್ಟು ಅನುಕೂಲವಾಯಿತೆಂದರೆ, ಈಗಲೂ ಹಾಗೇ ಮಾಡುತ್ತೇನೆ. ರುಬ್ಬಿದ್ದನ್ನು ಕಟ್ಟಿಗೆ ಬೆರೆಸಿ ಚೆನ್ನಾಗಿ ಕುದಿಸುವುದು. ಉಳಿದ ಸೊಪ್ಪು ಕಾಳಿಗೆ ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಕೊಟ್ಟು ಮೇಲೆ ಕಾಯಿ ತುರಿ. ಬಿಸಿ ಮುದ್ದೆ ಇದ್ದರೆ ಇನ್ನೇನು ಬೇಕು? ಉಳಿದ ಸಾರು ಮಾರನೇ ದಿನಕ್ಕೆ ಇನ್ನೂ ಚೆನ್ನಾಗಿರುತ್ತದೆ.

ಸೊಪ್ಪೂ ಇಲ್ಲದ ದಿನಗಳಿಗೆ ದಾರಿ ತೋರಿಸಿದವರು ಮೇಲಿನ ಮನೆಯ ಆಂಟಿ. ಸಾಗರದವರು. ಬಾಲ್ಕನಿಯಿಂದಲೇ ಮಾತು. "ಮಜ್ಜಿಗೆ ಇದ್ಯೇನಮ್ಮ? ದೊಡ್ಡಪತ್ರೆ ಕುಂಡ ನಿಮ್ಮನೇಲೇ ಇದೆ. ತಂಬುಳಿ ಮಾಡು, ಸಾರೇ ಬೇಡ" ಎಂದರು. ದೊಡ್ಡಪತ್ರೆ ಎಲೆಯನ್ನು ಚೂರು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ಕಾಯಿ ತುರಿ ಹಾಕಿ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿದರೆ ಮುಗಿಯಿತು. ಕುದಿಸುವುದಿಲ್ಲ. ಏಪ್ರಿಲ್ ಬಿಸಿಲಿಗೆ ತಣ್ಣಗೆ ಹೊಟ್ಟೆಗಿಳಿಯುತ್ತದೆ. ಎಲೆ ಕಿತ್ತಷ್ಟೂ ಗಿಡ ಚಿಗುರುತ್ತದೆ. ಮೆಂತ್ಯದ ತಂಬುಳಿಯನ್ನೂ ಅವರೇ ಹೇಳಿಕೊಟ್ಟರು, ಅದಕ್ಕಂತೂ ಎಲೆಯೂ ಬೇಡ.

ದ್ರಾಕ್ಷಿ ಮಾತ್ರ ಬೇಕಾದಷ್ಟಿತ್ತು. ಕೊಯ್ಲಿನ ಹೊತ್ತಿಗೇ ಮಾರುಕಟ್ಟೆ ಕೈಕೊಟ್ಟು, ಚಿಕ್ಕಬಳ್ಳಾಪುರದ ಕಡೆಯ ಬೆಳೆಗಾರರು ತುಂಬಾ ಕಷ್ಟಪಟ್ಟರು. ವರ್ಷವಿಡೀ ದುಡಿದ ಬೆಳೆ ಅದು. ಕೆಲವರು ನೇರವಾಗಿ ಬೆಂಗಳೂರಿನ ಬಡಾವಣೆಗಳಿಗೇ ತಂದು ಮಾರಿದರು. ನಮ್ಮ ಬೀದಿಗೆ ಬಂದವರ ಹತ್ತಿರ ಚೌಕಾಸಿ ಮಾಡದೆ ತೆಗೆದುಕೊಂಡೆವು. ಬೀಜದ ಕಪ್ಪು ದ್ರಾಕ್ಷಿಯನ್ನು ಸ್ವಲ್ಪ ನೀರಿನಲ್ಲಿ ಬೇಯಿಸಿ, ಕಿವುಚಿ, ಸೋಸಿ, ಬೆಲ್ಲ ಹಾಕಿದರೆ ಮಕ್ಕಳಿಗೆ ಬೇಸಿಗೆಯ ಪಾನಕ.

ಅಡುಗೆಗಿಂತ ಕಷ್ಟವಾಗಿದ್ದು ಪಾತ್ರೆ. ಮನೆಕೆಲಸಕ್ಕೆ ಬರುವ ಅಕ್ಕನಿಗೆ ಬರಬೇಡಿ ಎಂದಿದ್ದೆವು. ಅವರ ಸಂಬಳ ಪ್ರತಿ ತಿಂಗಳೂ ಪೂರ್ತಿ ಕೊಟ್ಟೆವು, ಅದರಲ್ಲಿ ಎರಡು ಮಾತಿಲ್ಲ. ತಟ್ಟೆ ಲೋಟ ಅವರವರೇ ತೊಳೆಯುವುದು, ರಾತ್ರಿಯ ದೊಡ್ಡ ಪಾತ್ರೆಗಳು ಯಜಮಾನರದು ಎಂದು ಹಂಚಿದೆ. ಒಂದೇ ಪಾತ್ರೆಯ ಅಡುಗೆಯೂ ಜಾಸ್ತಿಯಾಯಿತು. ಬಿಸಿಬೇಳೆಬಾತ್, ಕಾಳು ಹಾಕಿದ ಚಿತ್ರಾನ್ನ, ಹೀಗೆ.

ಲಾಕ್‌ಡೌನ್ ಮೇ 3ಕ್ಕೆ, ಆಮೇಲೆ 17ಕ್ಕೆ, ಆಮೇಲೆ 31ಕ್ಕೆ ಮುಂದೆ ಹೋಯಿತು. ಬಿಸಿಲು ಸುಮ್ನೆ ಹೋಗ್ತಿದೆಯಲ್ಲ ಎಂದು ಅತ್ತೆ ಸಬ್ಬಕ್ಕಿ ಸಂಡಿಗೆ ಶುರುಮಾಡಿದರು. ರಾತ್ರಿ ನೆನೆಸಿದ ಸಬ್ಬಕ್ಕಿಯನ್ನು ನೀರು ಹಾಕಿ, ಕಾಳು ಗಾಜಿನ ಹಾಗೆ ಆಗುವವರೆಗೆ ಕುದಿಸಿ, ಉಪ್ಪು, ರುಬ್ಬಿದ ಹಸಿಮೆಣಸಿನಕಾಯಿ, ಜೀರಿಗೆ, ಕೊನೆಯಲ್ಲಿ ನಿಂಬೆರಸ ಬೆರೆಸುವುದು. ಆರುವ ಮುಂಚೆ ತಾರಸಿಯ ಮೇಲೆ ಪ್ಲಾಸ್ಟಿಕ್ ಹಾಳೆಗೆ ಚಮಚದಲ್ಲಿ ಬಿಡಬೇಕು. ಕಾಗೆ ಕಾಯುವುದು ಮಕ್ಕಳ ಕೆಲಸ. ಸಂಜೆಗೆ ಮೇಲ್ಭಾಗ ಒಣಗಿರುತ್ತದೆ, ಮಾರನೇ ದಿನ ಬಿಡಿಸಿ ಮಗುಚಿ ಹಾಕಬೇಕು. ಮುರಿದರೆ ಪಟ್ ಎನ್ನುವ ಹಾಗಾದ ಮೇಲೆಯೇ ಡಬ್ಬಕ್ಕೆ. ಮುಂಗಾರಿನ ಮೋಡ ಬರುವ ಮೊದಲೇ ಮುಗಿಸಿಕೊಳ್ಳಿ. ಒಳಗೆ ಸ್ವಲ್ಪ ಹಸಿ ಉಳಿದರೂ ಇಡೀ ಡಬ್ಬ ಬೂಷ್ಟು ಹಿಡಿಯುತ್ತದೆ.