ನೆನೆದ ಸ್ಕ್ರ್ಯಾಪ್ ಬೇಡ ಎಂದು ಬರೆದುಕೊಟ್ಟೆವು

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಶಿವಮೊಗ್ಗದ ಕಡೆ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಯ ಮೆಲ್ಟಿಂಗ್ ವಿಭಾಗದವರಿಗೆ ಜೀವ ಕೈಯಲ್ಲಿ ಹಿಡಿದು ಕೆಲಸ. ನಾನಿದ್ದ ಫೌಂಡ್ರಿಯಲ್ಲಿ ಸ್ಕ್ರ್ಯಾಪ್ ರಾಶಿ ಬಯಲಲ್ಲೇ ಬಿದ್ದಿರುತ್ತಿತ್ತು. ರಾತ್ರಿಯಿಡೀ ನೆನೆದದ್ದನ್ನು ಬೆಳಿಗ್ಗೆ ಹಾಗೇ ಎತ್ತಿ ಇಂಡಕ್ಷನ್ ಫರ್ನೇಸಿಗೆ, ಅಂದರೆ ಕರೆಂಟಿನಿಂದ ಕಬ್ಬಿಣ ಕರಗಿಸುವ ಕುಲುಮೆಗೆ, ಹಾಕಬೇಕು.

ಫರ್ನೇಸಿನಲ್ಲಿ ಕರಗಿದ ಕಬ್ಬಿಣ 1,400 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಅದರ ಮೇಲೆ ಬಿದ್ದ ಹನಿ ಚುಯ್ ಎಂದು ಆರಿಹೋಗುತ್ತದೆ, ಅದರಿಂದ ದೊಡ್ಡ ಭಯವಿಲ್ಲ. ಪೈಪಿನ ತುಂಡಿನೊಳಗೆ, ಹಳೆಯ ಗಾಡಿಯ ಶಾಕ್ ಅಬ್ಸಾರ್ಬರ್ ಒಳಗೆ, ಒತ್ತಾಗಿ ಅಂಟಿಕೊಂಡ ಬೋರಿಂಗ್ (ಲೋಹ ಕೊರೆದಾಗ ಬೀಳುವ ಚೂರು) ಮುದ್ದೆಯಲ್ಲಿ ನಿಂತ ನೀರು ಮೆಟಲ್‌ನ ಅಡಿಗೆ ಹೋಯಿತೋ, ಅಪಾಯ ಅಲ್ಲಿ. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಹಿಗ್ಗಲು ದಾರಿಯಿಲ್ಲದೆ ಮೇಲಿದ್ದ ಕಬ್ಬಿಣವನ್ನೇ ಎತ್ತಿ ಎಸೆಯುತ್ತದೆ.

ಒಂದು ಮಳೆಗಾಲದ ಸೆಕೆಂಡ್ ಶಿಫ್ಟಿನಲ್ಲಿ ಹಾಗೇ ಆಯಿತು. ಮೆಟಲ್ ಮಾಡಿನ ಶೀಟಿನವರೆಗೆ ಚಿಮ್ಮಿ ಹೆಲ್ಪರ್ ಹುಡುಗನೊಬ್ಬನ ತೋಳಿನ ಮೇಲೆ ಬಿತ್ತು. ಅವನ ಮೈಮೇಲಿದ್ದದ್ದು ಬರೀ ಅಂಗಿ. ಮ್ಯಾನೇಜರ್ ಬಂದು ನೋಡಿ, "ಫೌಂಡ್ರಿ ಅಂದ್ಮೇಲೆ ಕಿಡಿ ಹಾರ್ತದಪ್ಪ. ಇಷ್ಟು ವರ್ಷ ನಡ್ದಿಲ್ವಾ?" ಎಂದರು. ಗಾಯಗೊಂಡವನು 48 ಗಂಟೆ ಕೆಲಸಕ್ಕೆ ಬರಲಾಗದಿದ್ದರೆ ಕಾರ್ಖಾನೆಗಳ ಇಲಾಖೆಗೆ ತಿಳಿಸಬೇಕೆಂದು ಕಾನೂನಿತ್ತು. ತಿಳಿಸಲಿಲ್ಲ. ಹುಡುಗ ರಜೆ ಹಾಕಿದ್ದಾನೆ ಎಂದು ಬರೆದುಕೊಂಡರು. ನನಗೆ ತಡೆಯಲಾಗದೆ ಹೋದದ್ದು ಅದು.

ಆಮೇಲೆ ಬಾಯಿಮಾತು ನಿಲ್ಲಿಸಿದೆವು. ಪ್ರತಿ ಹೀಟಿನ, ಅಂದರೆ ಒಂದೊಂದು ಸಲ ಕರಗಿಸುವ ಮಾಲಿನ, ತೂಕ, ಟೆಂಪರೇಚರ್, ಕರೆಂಟ್ ಯೂನಿಟ್ ಬರೆಯುವ ಲಾಗ್ ಬುಕ್ಕಿನಲ್ಲಿ ಷರಾ ಎಂಬ ಖಾನೆ ಯಾವಾಗಲೂ ಖಾಲಿ ಇರುತ್ತಿತ್ತು. ಅಲ್ಲಿ "ಸ್ಕ್ರ್ಯಾಪ್ ಒದ್ದೆ, ಮೆಟಲ್ ಚಿಮ್ಮಿತು" ಎಂದು ಬರೆಯತೊಡಗಿದೆ. ಬೇರೆ ಶಿಫ್ಟಿನವರೂ ಬರೆದರು. ಪುಸ್ತಕ ಕಂಪನಿಯದ್ದೇ, ದಿನಾ ಸಹಿ ಹಾಕುವವರೂ ಅವರೇ. ನಮಗೆ ಗೊತ್ತೇ ಇರಲಿಲ್ಲ ಎನ್ನಲು ಅವರಿಗೆ ದಾರಿ ಉಳಿಯಲಿಲ್ಲ.

ಆಫೀಸಿಗೆ ಕೊಡಬೇಕೆಂದುಕೊಂಡ ಅರ್ಜಿಯಲ್ಲಿ ಏನು ಕೇಳಬೇಕೆಂಬುದಕ್ಕೇ ನಮ್ಮಲ್ಲಿ ಹೆಚ್ಚು ಚರ್ಚೆಯಾಯಿತು. ಕೆಲವರಿಗೆ ಕ್ಯಾಂಟೀನು, ಬೋನಸ್ಸು, ಓವರ್‌ಟೈಮ್ ಎಲ್ಲವನ್ನೂ ಸೇರಿಸುವ ಆಸೆ. ನಾನು ಒಪ್ಪಲಿಲ್ಲ. ಹತ್ತು ಕೇಳಿದರೆ ಅಗ್ಗದ ಎರಡನ್ನು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಸ್ಕ್ರ್ಯಾಪಿಗೆ ಮಾಡು, ಮುಖಕ್ಕೆ ಶೀಲ್ಡ್, ಮೈಗೆ ಅಲ್ಯುಮಿನಿಯಂ ಲೇಪದ ಕೋಟು, ಇಷ್ಟೇ ಬರೆದೆವು. ಜೊತೆಗೆ, ಮಾಡು ಆಗುವವರೆಗೆ ಕೆಲಸ ಹೇಗೆ ನಡೆಸಬಹುದೆಂದೂ ಬರೆದೆವು: ಒದ್ದೆ ಮಾಲಿದ್ದರೆ ಖಾಲಿ ಫರ್ನೇಸಿಗೆ ಮೊದಲು ತುಂಬುವ ಚಾರ್ಜಿಗೆ ಮಾತ್ರ, ಅದೂ ಒಳಗೆ ತಂದು ನೀರು ಬಸಿದ ಮೇಲೆ. ಮೆಟಲ್ ಕರಗಿದ ನಂತರ ಹಾಕುವುದೆಲ್ಲ ಶೆಡ್ಡಿನೊಳಗಿರುವ ಪಿಗ್ ಐರನ್ (ಕಚ್ಚಾ ಕಬ್ಬಿಣದ ಗಟ್ಟಿ), ಎರಕದಿಂದ ಮುರಿದು ತೆಗೆದ ರನ್ನರ್, ರೈಸರ್ ತುಂಡುಗಳು. ಇದನ್ನು ಬರೆದದ್ದರಿಂದ ಕೆಲಸಗಳ್ಳರು ಎಂಬ ಮಾತು ನಮ್ಮ ಮೇಲೆ ನಿಲ್ಲಲಿಲ್ಲ.

ಗುತ್ತಿಗೆ ಹುಡುಗರ ಸಹಿ ಕೇಳಲಿಲ್ಲ. ಮರುದಿನವೇ ಗೇಟಿನ ಹೊರಗೆ ನಿಲ್ಲಿಸುತ್ತಿದ್ದರು. ಖಾಯಂ ಇದ್ದವರು ಮಾತ್ರ ಹಾಕಿದೆವು. ಆಫೀಸಿನಲ್ಲಿ ಅರ್ಜಿ ತೆಗೆದುಕೊಳ್ಳದಿದ್ದಾಗ ಸ್ವೀಕೃತಿ ಕಾರ್ಡ್ ಸಮೇತ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ಒಂದು ಪ್ರತಿಯನ್ನು ಕಾರ್ಖಾನೆಗಳ ಇಲಾಖೆಗೂ ಹಾಕಿದೆವು. ಆಗ ಇದ್ದದ್ದು 1948ರ ಕಾರ್ಖಾನೆ ಕಾಯ್ದೆ. ಭೋಪಾಲ್ ದುರಂತದ ನಂತರ, 1987ರಲ್ಲಿ ಅದಕ್ಕೆ ಸೇರಿದ 41-ಎಚ್ ಸೆಕ್ಷನ್ ಪ್ರಕಾರ, ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಯಲ್ಲಿ ಜೀವಕ್ಕೆ ಕುತ್ತು ಕಂಡ ಕಾರ್ಮಿಕರು ಮ್ಯಾನೇಜರಿಗೂ ಇನ್‌ಸ್ಪೆಕ್ಟರಿಗೂ ಒಟ್ಟಿಗೇ ತಿಳಿಸಬಹುದಿತ್ತು. ಅಂಥ ಪ್ರಕ್ರಿಯೆಗಳ ಪಟ್ಟಿಯಲ್ಲೇ ಫೌಂಡ್ರಿ ಇತ್ತು.

ಮ್ಯಾನೇಜರ್ ಕರೆಸಿದರು. "ಮನೆ ಮಾತು ಬೀದಿಗೆ ತಂದ್ಯಲ್ಲ." ನಾನೆಂದೆ, "ಸರ್, ನಿಮ್ಮ ಮೇಲೆ ಜಗಳ ಇಲ್ಲ. ಒಣಗಿದ್ದು ಕೊಡಿ, ಈಗ್ಲೇ ಹೋಗಿ ಚಾರ್ಜ್ ಹಾಕ್ತೀವಿ." ಮರುವಾರ ನನ್ನನ್ನು ಫೆಟ್ಲಿಂಗಿಗೆ, ಎರಕದ ಒರಟು ಉಜ್ಜಿ ತೆಗೆಯುವ ಕೆಲಸಕ್ಕೆ, ಹಾಕಿದರು. ದಿನವಿಡೀ ಗ್ರೈಂಡರ್, ಧೂಳು. ಬೇಸರವಾಯಿತು, ಆದರೆ ಲಾಗ್ ಬುಕ್ಕಿನ ಷರಾ ನಿಲ್ಲಲಿಲ್ಲ. ಮೆಲ್ಟಿಂಗಿನಲ್ಲಿ ಉಳಿದವರು ಬರೆಯುತ್ತಲೇ ಇದ್ದರು. ಇನ್‌ಸ್ಪೆಕ್ಟರ್ ಬಂದಾಗ ಮೊದಲು ತೆರೆದು ನೋಡಿದ್ದು ಆ ಪುಸ್ತಕವನ್ನೇ.

ಮುಂದಿನ ಮಳೆಗೆ ಮೊದಲು ಸ್ಕ್ರ್ಯಾಪಿನ ಮೇಲೆ ಮಾಡು ಬಂತು. ಶೀಲ್ಡ್ ಬಂದವು. ಕೋಟು ಬರಲಿಲ್ಲ.

ನಮ್ಮ ಹಳೆಯ ಅರ್ಜಿಯನ್ನು ಈಗ ಹಾಗೇ ನಕಲು ಮಾಡಿದರೆ ಆಗುವುದಿಲ್ಲ. 2025ರ ನವೆಂಬರ್‌ನಿಂದ ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. ಮಾಲೀಕರಿಗೂ ಇನ್‌ಸ್ಪೆಕ್ಟರಿಗೂ ಒಟ್ಟಿಗೆ ತಿಳಿಸುವ ಹಕ್ಕು ಅದರ 14ನೇ ಸೆಕ್ಷನ್‌ನಲ್ಲಿದೆ. ಕೋಟಿನ ಅರ್ಜಿ ಈಗ ಹೊಸ ಹುಡುಗರ ಕೈಯಲ್ಲಿದೆ. ಅದರಲ್ಲಿ ಈ ಸೆಕ್ಷನ್ನನ್ನೇ ಬರೆಸಿದ್ದೇನೆ.