ಎಂಜಿನ್ ಲೈಟಿನ ಗುಟ್ಟು: ಮನೆಯಲ್ಲೇ ಮಾಡಿದ ಸ್ಕ್ಯಾನರ್

ಎಂಜಿನ್ ಲೈಟ್ ಹೊತ್ತಿಕೊಂಡಾಗಲೆಲ್ಲ ಗ್ಯಾರೇಜಿಗೆ ಹೋಗಿ, ಸ್ಕ್ಯಾನಿಂಗ್‌ಗೆ ದುಡ್ಡು ತೆತ್ತು, ಒಂದು ಕೋಡ್ ಬರೆದ ಚೀಟಿ ಹಿಡಿದು ಬರುವುದು ರೇಜಿಗೆಯಾಗಿತ್ತು. ಕೋಡನ್ನು ಮೊಬೈಲಿಗೆ ಕಳಿಸುವ ಅಗ್ಗದ ಬ್ಲೂಟೂತ್ ಡಾಂಗಲ್‌ಗಳು ಸಿಗುತ್ತವೆ, ನಿಜ. ಆದರೆ ಕಾರಿನ ಮಾತನ್ನು ಆ್ಯಪ್‌ನ ದಲ್ಲಾಳಿತನವಿಲ್ಲದೆ ಕೇಳಬೇಕೆಂಬ ಹಟ ನನ್ನದು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಕಾರಿನ ಕಂಪ್ಯೂಟರುಗಳು ಪರಸ್ಪರ ಮಾತನಾಡುವ ಕ್ಯಾನ್ ಜಾಲಕ್ಕೆ ಸೇರುವ ಎಂಸಿಪಿ2515 ಮಾಡ್ಯೂಲ್, ಪುಟ್ಟ ಎಲ್‌ಸಿಡಿ, 12 ವೋಲ್ಟನ್ನು 5ಕ್ಕಿಳಿಸುವ ಬಕ್ ಕನ್ವರ್ಟರ್, ಕಾರಿನ ತಪಾಸಣಾ ಸಾಕೆಟ್ಟಿಗೆ ಸಿಕ್ಕಿಸುವ 16 ಪಿನ್ನಿನ ಓಬಿಡಿ ಪ್ಲಗ್ ಕೊಂಡೆ. ಪ್ಲಗ್‌ನಲ್ಲಿ ಬೇಕಾದದ್ದು ನಾಲ್ಕೇ ಪಿನ್: 6 ಕ್ಯಾನ್ ಹೈ, 14 ಕ್ಯಾನ್ ಲೋ, 4 ಅರ್ಥ್, 16 ಬ್ಯಾಟರಿ. ಕೀಲಿ ತೆಗೆದರೂ 16ರಲ್ಲಿ ಕರೆಂಟ್ ಇರುತ್ತದೆ. ಫ್ಯೂಸ್ ಹಾಕದೆ ಅದರ ತಂಟೆಗೆ ಹೋಗಬಾರದು. ಕ್ಯಾನ್ ಬದಲು 7ನೇ ಪಿನ್ನಿನ ಕೆ-ಲೈನ್ ಎಂಬ ಒಂಟಿ ತಂತಿಯಲ್ಲಿ ಮಾತನಾಡುವ ಹಳೆಯ ಕಾರುಗಳಿಗೆ ಈ ಸರ್ಕ್ಯೂಟ್ ಆಗುವುದಿಲ್ಲ.

ಮಾಡ್ಯೂಲ್‌ನಲ್ಲಿ 120 ಓಮ್ ರೆಸಿಸ್ಟರ್‌ನ ಜಂಪರ್ ಒಂದಿದೆ. ಅದನ್ನು ಕಿತ್ತುಬಿಡಿ. ಕಾರಿನ ಕ್ಯಾನ್ ತಂತಿಯ ಎರಡು ತುದಿಗಳಲ್ಲೂ ಆಗಲೇ ಅಂಥವು ಇರುತ್ತವೆ. ಇಗ್ನಿಷನ್ ಆಫ್ ಮಾಡಿ 6 ಮತ್ತು 14ರ ನಡುವೆ ಮಲ್ಟಿಮೀಟರ್ ಹಿಡಿದರೆ ಸುಮಾರು 60 ಓಮ್ ಕಾಣುತ್ತದೆ. ಮಾಡ್ಯೂಲ್‌ನ ಕ್ರಿಸ್ಟಲ್ 8 ಮೆಗಾಹರ್ಟ್ಸ್‌ನದೋ 16ರದೋ ನೋಡಿ, ಪ್ರೋಗ್ರಾಮ್‌ನಲ್ಲೂ ಅದನ್ನೇ ಬರೆಯಬೇಕು. ಇದು ತಪ್ಪಿದರೆ ಕಾರು ತುಟಿ ಬಿಚ್ಚುವುದಿಲ್ಲ.

ಸಂದೇಶಗಳ ವೇಗ ಸೆಕೆಂಡಿಗೆ 500 ಕಿಲೋಬಿಟ್. ಎಲ್ಲ ಕಂಪ್ಯೂಟರುಗಳಿಗೂ ಕೇಳಿಸುವ 7ಡಿಎಫ್ ವಿಳಾಸಕ್ಕೆ, ಎಂಜಿನ್ ವೇಗ ಕೇಳುವ '02 01 0ಸಿ' ಕಳುಹಿಸಿದರೆ ಎಂಜಿನ್ ಕಂಪ್ಯೂಟರಿನ 7ಇ8ರಿಂದ '04 41 0ಸಿ 0ಸಿ 80' ಎಂದು ಉತ್ತರ ಬಂತು. ಇವೆಲ್ಲ ಹೆಕ್ಸ್, ಅಂದರೆ 16ರ ಮೂಲದ ಅಂಕಿಗಳು. ಕೊನೆಯ ಎರಡು ಬೈಟನ್ನು ಒಂದೇ ಸಂಖ್ಯೆಯಾಗಿ ಓದಿದರೆ 3200; ನಾಲ್ಕರಿಂದ ಭಾಗಿಸಿದರೆ 800 ಆರ್‌ಪಿಎಂ. ಡ್ಯಾಶ್‌ಬೋರ್ಡಿನ ಮುಳ್ಳೂ ಅಲ್ಲೇ ನಿಂತಿತ್ತು!

ದೋಷದ ಕೋಡ್ ಕೊಡುವ ಮೋಡ್ 03ರಲ್ಲಿ ಕೇಳಿದಾಗ ಸಿಕ್ಕದ್ದು '01 71', ಅಂದರೆ ಪಿ0171: ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಇಷ್ಟಕ್ಕೇ ಆಕ್ಸಿಜನ್ ಸೆನ್ಸರ್ ಬದಲಿಸಲು ಹೇಳುವವರಿದ್ದಾರೆ. ನಾನು ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್, ಅಂದರೆ ಪೆಟ್ರೋಲಿನ ಅಳತೆಗೆ ಎಂಜಿನ್ ಕಾಲಕ್ರಮೇಣ ಮಾಡಿಕೊಂಡ ತಿದ್ದುಪಡಿ ಎಷ್ಟೆಂದು ಕೇಳಿದೆ. ಐಡ್ಲಿಂಗ್‌ನಲ್ಲಿ ಬಂದ ಬೈಟ್ 9ಎ, ಎಂದರೆ 154. ಅದರಿಂದ 128 ಕಳೆದು, 100ರಿಂದ ಗುಣಿಸಿ, 128ರಿಂದ ಭಾಗಿಸಿದರೆ ಸುಮಾರು ಶೇ. 20: ಎಂಜಿನ್ ಅಷ್ಟು ಹೆಚ್ಚು ಪೆಟ್ರೋಲ್ ಸುರಿದು ಸರಿದೂಗಿಸುತ್ತಿತ್ತು. 2500 ಆರ್‌ಪಿಎಂಗೆ ಏರಿಸಿದಾಗ ಅದು ಇಳಿಯಿತು. ಏರ್‌ಫ್ಲೋ ಸೆನ್ಸರ್ ಇರುವ ಎಂಜಿನ್‌ನಲ್ಲಿ ಇದು ಗಾಳಿ ಸೋರಿಕೆಯ ಲಕ್ಷಣ: ಸೆನ್ಸರ್ ದಾಟಿದ ಮೇಲೆ ನುಸುಳುವ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ, ಐಡ್ಲಿಂಗ್‌ನಲ್ಲಿ ಅದರ ಪಾಲು ದೊಡ್ಡದು. ಇಂಟೇಕ್ ಹಿಂಬದಿಯ ವ್ಯಾಕ್ಯೂಮ್ ಹೋಸ್ ಬೆರಳಿಂದ ಬಾಗಿಸಿದರೆ ಬಿರುಕು ಬಾಯ್ತೆರೆಯುತ್ತಿತ್ತು. ಹೊಸ ಹೋಸ್ ಹಾಕಿ ಓಡಿಸಿದ ಮೇಲೆ ಟ್ರಿಮ್ ಸೊನ್ನೆಯ ಆಸುಪಾಸಿಗೆ ಬಂತು.

ಕೋಡ್ ಅಳಿಸುವ ಮೋಡ್ 04ಕ್ಕೆ ಸುಲಭದ ಗುಂಡಿ ಇಟ್ಟಿಲ್ಲ, ಬೇಕೆಂದೇ. ದೋಷ ಕಾಣಿಸಿದ ಹೊತ್ತಿನ ಫ್ರೀಜ್ ಫ್ರೇಮ್ ಮಾಹಿತಿಯೂ ಅದರೊಂದಿಗೆ ಅಳಿಸಿಹೋಗುತ್ತದೆ.